ಕಾಟಾ ಯಾಕ ಇಳೀತು? ಹಳೆಯ ಟ್ರ್ಯಾಕ್ಟರಿನ ಆಯಿಲ್ ಪ್ರೆಷರ್



ಹೋದ ವರ್ಷ ಹಿಂಗಾರಿ ಬಿತ್ತಿಗೆಗೆ ಇನ್ನು ಹದಿನೈದು ದಿನ ಇರುವಾಗ, ಊಟದ ಬಿಡುವಿನಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗಿ ಬಂದು ನನ್ನ ಮುಂದೆ ನಿಂತಳು. "ಸರ್, ಆಯಿಲ್ ಪ್ರೆಷರ್ ಕಡಿಮಿ ಆದ್ರ ಇಂಜಿನ್ ಹೋಗೇ ಬಿಡತೈತೇನ್ರಿ?" ಅಂತ ಕೇಳಿದಳು. ಪಾಠದಲ್ಲಿ ಬಂದ ಪ್ರಶ್ನೆ ಅಲ್ಲ ಅಂತ ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅವಳ ಮುತ್ಯಾನ ಹತ್ತಿರ ಒಂದು ಕೆಂಪು ಮ್ಯಾಸಿ 1035 ಟ್ರ್ಯಾಕ್ಟರ್ ಇದೆ. ಅವಳು ಹುಟ್ಟುವುದಕ್ಕಿಂತ ಮೊದಲೇ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ನಮ್ಮ ಜತ್ತ ತಾಲೂಕಿನ ಹೊಲಗಳಲ್ಲಿ ಇಂಥ ಹಳೆಯ ಗಾಡಿಗಳು ಇನ್ನೂ ಬೇಕಾದಷ್ಟಿವೆ. ಒಂದು ವಾರದಿಂದ ಹೊಲ ಹರಗುವಾಗ ಆಯಿಲ್ ಮೀಟರಿನ ಕಾಟಾ ಕೆಳಗೆ ಇಳಿಯುತ್ತಿತ್ತು. ಪೇಟೆಯಿಂದ ಬಂದ ಒಬ್ಬ ಫಿಟರ್ ಇಂಜಿನ್ ಚಾಲೂ ಮಾಡಿಸಿ ಮೀಟರ್ ನೋಡಿ, "ಬೇರಿಂಗ್ ಹೋಗ್ಯಾವ, ಫುಲ್ ಇಂಜಿನ್ ಬಿಚ್ಚಬೇಕು" ಅಂದಿದ್ದ. ಮುತ್ಯಾ ಲೆಕ್ಕ ಹಾಕಿ, ಇರುವ ಎರಡು ಎಮ್ಮೆಗಳಲ್ಲಿ ಹಾಲು ಕೊಡುವ ಎಮ್ಮೆಯನ್ನೇ ಮುಂದಿನ ಸಂತೆಗೆ ಹೊಡೆಯುವುದು ಅಂತ ನಿರ್ಧಾರ ಮಾಡಿದ್ದ. ಹುಡುಗಿಯ ಚಿಂತೆ ನಿಜಕ್ಕೂ ಎಮ್ಮೆಯದು.

ನಾನು ಮೆಕ್ಯಾನಿಕ್ ಅಲ್ಲ, ವಿಜ್ಞಾನದ ಮಾಸ್ತರ. ಆದರೂ "ಕಾಟಾ ಇಳೀತು" ಅನ್ನುವುದು ಒಂದು ಅಳತೆ, ಅಷ್ಟೇ. ಆ ಅಳತೆಗೆ ಹತ್ತು ಕಾರಣ ಇರಬಹುದು. ಯಾವ ಕಾರಣ ಅಂತ ಹುಡುಕುವುದು ಪೂರ್ತಿ ನಿಮ್ಮ ಪುಸ್ತಕದ ಬಲ ಮತ್ತು ಒತ್ತಡದ ಪಾಠದ ಕೆಲಸ. ಹಾಗಾಗಿ ಅವಳಿಗೆ ಒಂದು ಕೆಲಸ ಹಚ್ಚಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಇಂಜಿನ್ ಒಳಗೆ ಆಯಿಲ್ ಏನು ಮಾಡುತ್ತದೆ ನೋಡೋಣ.

ಹಾಳೆಯಷ್ಟು ಸಂದು

ಈ ಟ್ರ್ಯಾಕ್ಟರಿನ ವಂಶ ಹಳೆಯದು. ಮ್ಯಾಸಿ ಫರ್ಗ್ಯುಸನ್ 35 ಅನ್ನುವ ಇಂಗ್ಲಿಷ್ ಟ್ರ್ಯಾಕ್ಟರಿಗೆ 1959ರಲ್ಲಿ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರ್ ಡೀಸೆಲ್ ಇಂಜಿನ್ ಕೂಡಿಸಿದರು. ಮುಂದಿನ ವರ್ಷ, 1960ರಲ್ಲಿ, ಮದ್ರಾಸಿನಲ್ಲಿ ಟಾಫೆ ಕಂಪನಿ ಶುರುವಾಯಿತು. ಅಲ್ಲಿಂದ ಬಂದ 1035 ಅದೇ ಕುಟುಂಬದ್ದು. ಸುಮಾರು 2.5 ಲೀಟರಿನ ಈ ಇಂಜಿನ್‌ನಲ್ಲಿ ಮೂರು ಪಿಸ್ಟನ್ನುಗಳು ಮೇಲೆ ಕೆಳಗೆ ಹೋಗುತ್ತ ಕ್ರ್ಯಾಂಕ್ ಎಂಬ ಸೊಟ್ಟಂಬಟ್ಟ ಉಕ್ಕಿನ ದಂಡವನ್ನು ತಿರುಗಿಸುತ್ತವೆ. ಆ ಕ್ರ್ಯಾಂಕ್ ನಾಲ್ಕು ಮೇನ್ ಬೇರಿಂಗುಗಳಲ್ಲಿ ಕುಳಿತಿರುತ್ತದೆ. ಮೂರು ಪಿಸ್ಟನ್ನಿನ ಕನೆಕ್ಟಿಂಗ್ ರಾಡುಗಳಿಗೆ ಮತ್ತೆ ಮೂರು ಬೇರಿಂಗು.

ಸೈಕಲ್ಲಿನ ಚಕ್ರದಲ್ಲಿರುವ ಹಾಗೆ ಈ ಬೇರಿಂಗುಗಳಲ್ಲಿ ಗುಂಡು ಇರುವುದಿಲ್ಲ. ಅರ್ಧಚಂದ್ರದ ಆಕಾರದ ಎರಡು ನುಣುಪಾದ ತಗಡು ಸೇರಿ ಒಂದು ಬಳೆಯಾಗುತ್ತದೆ, ಅದರೊಳಗೆ ಕ್ರ್ಯಾಂಕ್ ತಿರುಗುತ್ತದೆ. ಬಳೆಗೂ ಕ್ರ್ಯಾಂಕಿಗೂ ನಡುವೆ ಇರುವ ಸಂದು ಎಷ್ಟು ಗೊತ್ತೇ? ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ. ಆ ಹಾಳೆಯಷ್ಟು ಸಂದಿನಲ್ಲಿ ಆಯಿಲ್ ತುಂಬಿರಬೇಕು.

ಆಯಿಲ್ ಇದ್ದರೆ ಕ್ರ್ಯಾಂಕ್ ತಗಡನ್ನು ಮುಟ್ಟುವುದೇ ಇಲ್ಲ, ಆಯಿಲ್ ಮೇಲೆ ತೇಲುತ್ತದೆ. ಇದನ್ನು ಮೊದಲು ಕಂಡವರು ಇಂಗ್ಲೆಂಡಿನ ಬೀಚಮ್ ಟವರ್. 1883ರ ಸುಮಾರಿಗೆ ಅವರು ರೈಲಿನ ಅಚ್ಚಿನ ಬೇರಿಂಗಿನ ಮೇಲೆ ಪ್ರಯೋಗ ಮಾಡುತ್ತಿದ್ದರು. ಆಯಿಲ್ ಬಿಡಲು ಅಂತ ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಹಾಕಿದರು. ನೋಡಿದರೆ ಅಚ್ಚು ತಿರುಗುವಾಗ ಆ ತೂತಿನಿಂದ ಆಯಿಲ್ ಒಳಗೆ ಹೋಗುವ ಬದಲು ಮೇಲಕ್ಕೆ ಉಕ್ಕಿ ಬಂತು! ಕಟ್ಟಿಗೆಯ ಬೆಣೆ ಬಡಿದು ತೂತು ಮುಚ್ಚಿದರು; ಬೆಣೆಯನ್ನೂ ಆಯಿಲ್ ಹೊರಗೆ ತಳ್ಳಿತು. ಕೊನೆಗೆ ಅಲ್ಲಿ ಮೀಟರ್ ಕೂಡಿಸಿದಾಗ 200 ಪಿಎಸ್‌ಐ ತನಕ ಇದ್ದ ಗುರುತನ್ನೂ ಕಾಟಾ ದಾಟಿತು. ತಿರುಗುವ ಅಚ್ಚು ತನ್ನ ಜೊತೆ ಆಯಿಲನ್ನು ಎಳೆದುಕೊಂಡು ಹೋಗಿ ಇಕ್ಕಟ್ಟಿನ ಜಾಗಕ್ಕೆ ತುರುಕುತ್ತದೆ, ಅಲ್ಲಿ ಹುಟ್ಟುವ ಒತ್ತಡವೇ ಅಚ್ಚಿನ ಭಾರ ಎತ್ತಿ ಹಿಡಿಯುತ್ತದೆ. 1886ರಲ್ಲಿ ಆಸ್‌ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದರು.

ಇಲ್ಲಿ ಒಂದು ಮಾತು ಗಟ್ಟಿ ಹಿಡಿಯಿರಿ. ಕ್ರ್ಯಾಂಕನ್ನು ಎತ್ತಿ ಹಿಡಿಯುವ ದೊಡ್ಡ ಒತ್ತಡ ಬೇರಿಂಗಿನ ಒಳಗೇ ಹುಟ್ಟುತ್ತದೆ. ಆಯಿಲ್ ಪಂಪಿನ ಕೆಲಸ ಆ ಸಂದು ಖಾಲಿಯಾಗದಂತೆ ಆಯಿಲ್ ಪೂರೈಸುತ್ತ ಇರುವುದು. ಮುಂದೆ ಕೂತ ಡ್ರೈವರಿಗೆ ಮೀಟರಿನಲ್ಲಿ ಕಾಣುವುದು ಈ ಪೂರೈಕೆಯ ಒತ್ತಡ ಮಾತ್ರ.

ಪಂಪ್ ಒತ್ತಡ ಮಾಡುವುದಿಲ್ಲ

ಇದನ್ನು ಕೇಳಿ ನಮ್ಮ ಶಾಲೆಯ ಹುಡುಗರು ನಕ್ಕರು. "ಮತ್ತ ಪಂಪ್ ಏನ್ ಮಾಡತೈತ್ರಿ ಸರ್?" ಪಂಪ್ ಹರಿವು ಮಾಡುತ್ತದೆ. ಒಂದು ಸುತ್ತಿಗೆ ಇಷ್ಟು ಆಯಿಲ್ ಅಂತ ಕೆಳಗಿನ ಚೇಂಬರಿನಿಂದ ಎತ್ತಿ ಮುಂದಕ್ಕೆ ತಳ್ಳುತ್ತದೆ. ಮುಂದೆ ದಾರಿ ಇಕ್ಕಟ್ಟಾಗಿದ್ದರೆ ಒತ್ತಡ ಏರುತ್ತದೆ, ದಾರಿ ಅಗಲ ಇದ್ದರೆ ಇಳಿಯುತ್ತದೆ.

ದ್ರಾಕ್ಷಿ ಅಥವಾ ದಾಳಿಂಬೆ ತೋಟ ಇದ್ದವರ ಮನೆಯ ಮಕ್ಕಳಿಗೆ ಇದು ಹೊಸದಲ್ಲ. ಡ್ರಿಪ್ ಫಿಲ್ಟರಿನ ಹತ್ತಿರ ಒಂದು ದುಂಡನೆಯ ಮೀಟರ್ ಇರುತ್ತದಲ್ಲ? ಎಲ್ಲೋ ಸಾಲಿನ ನಡುವೆ ಒಂದು ಪೈಪ್ ಒಡೆದರೆ ಮೋಟಾರ್ ಸರಿಯಾಗಿದ್ದರೂ ಆ ಮೀಟರ್ ಇಳಿಯುತ್ತದೆ. ಬಾವಿಯಲ್ಲಿ ನೀರು ಕಡಿಮೆಯಾಗಿ ಮೋಟಾರ್ ಗಾಳಿ ಎಳೆದರೂ ಇಳಿಯುತ್ತದೆ, ಆದರೆ ಆಗ ಕಾಟಾ ನಡುಗುತ್ತದೆ. ಮೀಟರೇ ಕೆಟ್ಟಿದ್ದರೂ ಕಾಟಾ ಕೆಳಗೇ. ಅಪ್ಪ ಆ ಮೀಟರ್ ನೋಡಿ ಸೀದಾ ಮೋಟಾರ್ ಬಿಚ್ಚಲು ಹೋಗುವುದಿಲ್ಲ, ಮೊದಲು ತೋಟದಲ್ಲಿ ಒಂದು ಸುತ್ತು ಹಾಕುತ್ತಾರೆ. ಟ್ರ್ಯಾಕ್ಟರಿನಲ್ಲೂ ಹಾಗೇ ಮಾಡಬೇಕು.

ಇಂಜಿನ್‌ನಲ್ಲಿ ಆಯಿಲಿನ ಪ್ರಯಾಣ ಹೀಗೆ: ಚೇಂಬರಿನಲ್ಲಿ ಆರೇಳು ಲೀಟರ್ ಆಯಿಲ್, ಅದರಲ್ಲಿ ಮುಳುಗಿದ ಜಾಳಿಗೆ, ಅಲ್ಲಿಂದ ಪಂಪ್, ಪಂಪಿನ ಪಕ್ಕದಲ್ಲೇ ರಿಲೀಫ್ ವಾಲ್ವ್, ಆಮೇಲೆ ಫಿಲ್ಟರ್, ಫಿಲ್ಟರ್ ದಾಟಿ ಒಂದು ಉದ್ದನೆಯ ಕಾಲುವೆ, ಕಾಲುವೆಯಿಂದ ಬೇರಿಂಗುಗಳಿಗೆ, ಸ್ವಲ್ಪ ಮೇಲಿನ ರಾಕರುಗಳಿಗೆ. ರಿಲೀಫ್ ವಾಲ್ವ್ ಅಂದರೆ ಪ್ರೆಷರ್ ಕುಕ್ಕರಿನ ಸೀಟಿ ಇದ್ದ ಹಾಗೆ. ಒತ್ತಡ ಮಿತಿ ಮೀರಿದರೆ ಸ್ಪ್ರಿಂಗ್ ಸರಿದು ಹೆಚ್ಚಿನ ಆಯಿಲನ್ನು ಮತ್ತೆ ಚೇಂಬರಿಗೆ ಬಿಡುತ್ತದೆ. ಈ ಇಂಜಿನ್‌ನಲ್ಲಿ ಅದು 50ರಿಂದ 65 ಪಿಎಸ್‌ಐ ನಡುವೆ ತೆರೆಯುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗಿ ಪೂರ್ತಿ ವೇಗದಲ್ಲಿ ಓಡುವಾಗ ಒತ್ತಡ 30ರಿಂದ 60 ಪಿಎಸ್‌ಐ ಇರಬೇಕು. ಪಿಎಸ್‌ಐ ಅಂದರೆ ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್ ಬಲ. ಒಂದು ಪಿಎಸ್‌ಐಗೆ ಸುಮಾರು 6.9 ಕಿಲೋಪಾಸ್ಕಲ್. ಕಾರಿನ ಚಕ್ರದಲ್ಲಿ ಹೆಚ್ಚುಕಡಿಮೆ 30 ಪಿಎಸ್‌ಐ ಗಾಳಿ ಇರುತ್ತದೆ, ಅಂದಾಜು ಸಿಗಲಿ ಅಂತ ಹೇಳಿದೆ.

ಈಗ ಲೆಕ್ಕದ ಸ್ವಾರಸ್ಯ. ಕಿರಿದಾದ ಸಂದಿನ ಮೂಲಕ ದ್ರವ ಹರಿಯುವಾಗ ಹರಿವು ಸಂದಿನ ಘನಕ್ಕೆ ಅನುಪಾತದಲ್ಲಿರುತ್ತದೆ. ಸಂದು ಎರಡು ಪಟ್ಟಾದರೆ ಹರಿವು ನಾಲ್ಕು ಪಟ್ಟಲ್ಲ, 2×2×2, ಎಂಟು ಪಟ್ಟು. ಬೇರಿಂಗ್ ಸವೆದು ಸಂದು 0.08 ಮಿ.ಮೀ. ಇದ್ದದ್ದು 0.10 ಮಿ.ಮೀ. ಆಯಿತು ಅಂದುಕೊಳ್ಳಿ. ಹೆಚ್ಚಿದ್ದು ಕಾಲು ಪಾಲು ಮಾತ್ರ. ಆದರೆ 1.25×1.25×1.25 ಮಾಡಿ ನೋಡಿ: 1.95. ಅಷ್ಟೇ ಆಯಿಲನ್ನು ದಾಟಿಸಲು ಈಗ ಅರ್ಧ ಒತ್ತಡ ಸಾಕು. ಕಣ್ಣಿಗೆ ಕಾಣದ ಸವೆತಕ್ಕೆ ಕಾಟಾ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಆ ಫಿಟರ್ ಬೇರಿಂಗಿನ ಮೇಲೆ ಸಂಶಯ ಪಟ್ಟದ್ದು ತಪ್ಪೇನಲ್ಲ. ಹಳೆಯ ಇಂಜಿನ್‌ನಲ್ಲಿ ಬಹಳ ಸಲ ಅದೇ ಆಗಿರುತ್ತದೆ. ಬೇರೆ ಏನನ್ನೂ ನೋಡದೆ ಹೇಳಿದ, ಅದು ತಪ್ಪು.

ಇನ್ನೊಂದು ಸಂಗತಿ ಆಯಿಲಿನ ಜಿಗುಟು, ಪುಸ್ತಕದ ಭಾಷೆಯಲ್ಲಿ ಸ್ನಿಗ್ಧತೆ. ಡಬ್ಬಿಯ ಮೇಲೆ 15ಡಬ್ಲ್ಯೂ-40 ಅಂತ ಬರೆದಿರುವ ಆಯಿಲಿನ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 110 ಸೆಂಟಿಸ್ಟೋಕ್ ಇದ್ದರೆ 100 ಡಿಗ್ರಿಯಲ್ಲಿ ಸುಮಾರು 14. ಎಂಟನೇ ಒಂದು ಭಾಗ! (20 ಡಿಗ್ರಿಯ ನೀರಿನದು 1.) ಆದ್ದರಿಂದ ಮುಂಜಾನೆ ಚಾಲೂ ಮಾಡಿದಾಗ ಕಾಟಾ ಏರುವುದು, ಮಧ್ಯಾಹ್ನ ಇಳಿಯುವುದು ಎಲ್ಲ ಇಂಜಿನ್‌ಗೂ ಸಹಜ. ಹಾಗೇ ನಿಂತಲ್ಲೇ ನಿಧಾನಕ್ಕೆ ಓಡುವಾಗ ಪಂಪೂ ನಿಧಾನಕ್ಕೆ ತಿರುಗುತ್ತದೆ. 2000 ಸುತ್ತಿನ ಬದಲು 700 ಸುತ್ತು ಅಂದರೆ ಆಯಿಲ್ ಮೂರನೇ ಒಂದು ಪಾಲು. ಆಗ 30 ಪಿಎಸ್‌ಐ ತೋರಿಸಲಿಲ್ಲ ಅಂತ ಹೆದರಬೇಕಾಗಿಲ್ಲ.

ಎಲ್ಲಕ್ಕಿಂತ ಮೊದಲು ಮೀಟರನ್ನೇ ಅನುಮಾನಿಸಬೇಕು

ಹಳೆಯ ಮ್ಯಾಸಿಯಲ್ಲಿ ಆಯಿಲ್ ಮೀಟರಿಗೆ ಕರೆಂಟ್ ಬೇಕಿಲ್ಲ. ಇಂಜಿನ್‌ನಿಂದ ಒಂದು ಸಣ್ಣ ಕೊಳವೆ ಮೀಟರಿನ ಬೆನ್ನಿಗೆ ಬಂದಿರುತ್ತದೆ. ಮೀಟರಿನ ಒಳಗೆ ಚಪ್ಪಟೆಯಾಗಿ ಬಾಗಿದ ಒಂದು ಲೋಹದ ನಳಿಗೆ. ಜಾತ್ರೆಯಲ್ಲಿ ಊದಿದರೆ ಬಿಚ್ಚಿಕೊಂಡು ಮುಂದೆ ಚಾಚುವ ಕಾಗದದ ಪೀಪಿ ನೋಡಿದ್ದೀರಲ್ಲ, ಅದೇ ಸೂತ್ರ. ಒಳಗೆ ಒತ್ತಡ ಹೆಚ್ಚಿದಂತೆ ಬಾಗಿದ ನಳಿಗೆ ನೆಟ್ಟಗಾಗಲು ನೋಡುತ್ತದೆ, ಅದರ ತುದಿ ಕಾಟಾವನ್ನು ಎಳೆಯುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಡ್ರಿಪ್ಪಿನ ಮೀಟರು, ಪಂಕ್ಚರ್ ಅಂಗಡಿಯ ಗಾಳಿ ಮೀಟರು, ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿನ ಮೀಟರು, ಹೆಚ್ಚಿನವು ಬೂರ್ಡಾನ್ ಮೀಟರುಗಳೇ.

ನಲವತ್ತು ವರ್ಷ ಕುಲುಕಿದ ನಳಿಗೆ ದಣಿಯುತ್ತದೆ. ಇಂಜಿನ್ ಬಂದ್ ಇದ್ದಾಗ ಕಾಟಾ ಸೊನ್ನೆಯಲ್ಲಿ ನಿಲ್ಲದಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ ಅಂತ ಅರ್ಥ. ಚಾಲೂ ಮಾಡಿದ ಮೇಲೆ ಕಾಟಾ ಬಹಳ ಹೊತ್ತಿಗೆ ಏರಿ, ಬಂದ್ ಮಾಡಿದ ಮೇಲೂ ನಿಧಾನಕ್ಕೆ ಇಳಿದರೆ ಸಣ್ಣ ಕೊಳವೆಯಲ್ಲಿ ಗಸಿ ಕೂತಿರಬಹುದು. ಖಚಿತ ಮಾಡಿಕೊಳ್ಳುವ ದಾರಿ ಒಂದೇ: ಚೆನ್ನಾಗಿರುವ ಇನ್ನೊಂದು ಮೀಟರನ್ನು ಅದೇ ಜಾಗಕ್ಕೆ ಕೂಡಿಸಿ ಎರಡನ್ನೂ ಹೋಲಿಸುವುದು. ತಕ್ಕಡಿ ಮೇಲೆ ಸಂಶಯ ಬಂದರೆ ಪಕ್ಕದ ಅಂಗಡಿಯಲ್ಲಿ ತೂಗಿಸುತ್ತೇವಲ್ಲ, ಹಾಗೆ.

ಹುಡುಗಿಯ ನೋಟ್‌ಬುಕ್

ಅವಳಿಗೆ ನಾನು ಹಚ್ಚಿದ ಕೆಲಸ ಇಷ್ಟೇ. ಇಂಜಿನ್ ಮುಟ್ಟಬೇಡ. ಮುತ್ಯಾ ಗಾಡಿ ಚಾಲೂ ಮಾಡಿದಾಗ ದೂರ ನಿಂತು ಮೀಟರ್ ಓದು, ಸಮಯ ಬರಿ, ಎಷ್ಟು ಸುತ್ತಿನಲ್ಲಿ ಓಡುತ್ತಿದೆ ಬರಿ. ಗಾಡಿ ಹೊಲದಿಂದ ಬಂದ ಕೂಡಲೇ ಮತ್ತೆ ಬರಿ. ಎರಡು ದಿನ ಬರೆದು ತಂದಳು.

ಮುಂಜಾನೆ ತಣ್ಣಗಿರುವಾಗ, ನಿಧಾನ ಓಟ: 45. ವೇಗ ಏರಿಸಿದರೆ: 55. ಅರ್ಧ ತಾಸು ಹರಗಿದ ಮೇಲೆ: 30. ಒಂದೂವರೆ ತಾಸಿನ ಮೇಲೆ, ಪೂರ್ತಿ ವೇಗದಲ್ಲಿ: 20. ಆಗ ನಿಧಾನ ಓಟಕ್ಕೆ ಬಿಟ್ಟರೆ: 6. ಬಂದ್ ಮಾಡಿದರೆ: ಸೊನ್ನೆ. ಕಾಟಾ ನಡುಗುವುದಿಲ್ಲ, ಗಾಡಿ ಬದು ಏರುವಾಗ ಇಳಿಯುವಾಗಲೂ ಜಿಗಿಯುವುದಿಲ್ಲ. ಕೊನೆಯ ಈ ಸಾಲನ್ನು ಅವಳು ತಾನಾಗಿಯೇ ಸೇರಿಸಿದ್ದಳು.

ಈ ಐದಾರು ಅಂಕಿಯಲ್ಲಿ ಎಷ್ಟು ಸುದ್ದಿ ಇದೆ ನೋಡಿ. ತಣ್ಣಗಿರುವಾಗ 55 ಬರುತ್ತಿದೆ ಅಂದರೆ ಪಂಪ್ ಬಹುತೇಕ ಸರಿ ಇದೆ. ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿ ತೆರೆದೇ ಉಳಿದಿದ್ದರೆ ತಣ್ಣಗಿರುವಾಗಲೂ ಕಾಟಾ ಏರುತ್ತಿರಲಿಲ್ಲ. ಜಾಳಿಗೆ ಕಟ್ಟಿಕೊಂಡಿದ್ದರೆ ದಪ್ಪ ಆಯಿಲ್ ಎಳೆಯುವುದು ಇನ್ನೂ ಕಷ್ಟ, ಅದೂ ಮುಂಜಾನೆಯೇ ಗೊತ್ತಾಗಬೇಕಿತ್ತು. ಆಯಿಲ್ ಕಡಿಮೆ ಇದ್ದು ಪಂಪ್ ಗಾಳಿ ಎಳೆಯುತ್ತಿದ್ದರೆ ಬದುವಿನ ಮೇಲೆ ಕಾಟಾ ಕುಣಿಯುತ್ತಿತ್ತು. ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಮಾತ್ರ ಕಡಿಮೆ ಅಂದರೆ ಉಳಿಯುವುದು ಎರಡು ಸಂಶಯ: ಬೇರಿಂಗಿನ ಸಂದು ದೊಡ್ಡದಾಗಿದೆ, ಇಲ್ಲವೇ ಆಯಿಲ್ ತೆಳುವಾಗಿದೆ. ಮೊದಲನೆಯದಕ್ಕೆ ಇಂಜಿನ್ ಬಿಚ್ಚಬೇಕು, ಎಮ್ಮೆ ಮಾರಬೇಕು. ಎರಡನೆಯದಕ್ಕೆ ಒಂದು ಕಡ್ಡಿ ಎಳೆದು ನೋಡಿದರೆ ಸಾಕು.

ನಮ್ಮ ಪಕ್ಕದ ಊರಿನಲ್ಲಿ ವಯಸ್ಸಾದ ಒಬ್ಬ ಮಿಸ್ತ್ರಿ ಇದ್ದಾರೆ. ಶನಿವಾರ ಮುಂಜಾನೆಯ ಶಾಲೆ ಮುಗಿಸಿಕೊಂಡು ನಾನೂ ಅವರ ಜೊತೆ ಹೋದೆ. ನೋಟ್‌ಬುಕ್ ಓದಿ ಅವರು, "ತಂಗಿ, ಅರ್ಧ ಕೆಲಸ ನೀನಾ ಮಾಡೀದಿ" ಅಂದರು. ತಮ್ಮ ಚೀಲದಿಂದ ಮೀಟರ್ ತೆಗೆದು ಕೂಡಿಸಿ ನೋಡಿದರು. ಹಳೆಯ ಮೀಟರ್ ಎರಡು ಪಿಎಸ್‌ಐ ಕಡಿಮೆ ತೋರಿಸುತ್ತಿತ್ತು, ಅಷ್ಟೇ. ಅಂದರೆ ಕಾಟಾ ಹೇಳಿದ್ದು ನಿಜ.

ಆಮೇಲೆ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಬಂದ್ ಮಾಡಿ, ಆಯಿಲ್ ಕೆಳಗೆ ಇಳಿಯಲಿ ಅಂತ ಹತ್ತು ನಿಮಿಷ ಬಿಟ್ಟು, ಆಯಿಲ್ ಅಳೆಯುವ ಕಡ್ಡಿ ಎಳೆದರು. ಆಯಿಲ್ ಮೇಲಿನ ಗೆರೆಗಿಂತ ಎರಡು ಬೆರಳು ಮೇಲಿತ್ತು.

"ಮುತ್ಯಾ, ಆಯಿಲ್ ಯಾವಾಗ ಹಾಕಿದ್ರಿ?"

"ಉಗಾದಿಗಿ ಬದಲಿ ಮಾಡಿದ್ದು. ಆಮ್ಯಾಲ ಒಂದ್ ಹನಿನೂ ಹಾಕಿಲ್ಲಪಾ. ಕಡಿಮೀನಾ ಆಗಲಿಲ್ಲ, ಭಾರಿ ಇಂಜಿನ್ ಅಂತ ನಾನೂ ಖುಷಿ ಇದ್ದೆ."

ಹಳೆಯ ಇಂಜಿನ್ ಆಯಿಲ್ ತಿನ್ನುತ್ತದೆ, ಕಡಿಮೆಯಾಗುತ್ತದೆ. ತಾನಾಗಿ ಹೆಚ್ಚಾಗಲು ಸಾಧ್ಯವಿಲ್ಲ. ಹೆಚ್ಚಾಗಿದ್ದರೆ ಬೇರೇನೋ ಬಂದು ಸೇರಿದೆ. ನೀರು ಸೇರಿದ್ದರೆ ಆಯಿಲ್ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತದೆ. ಇದು ಕಪ್ಪಗೇ ಇತ್ತು. ಮಿಸ್ತ್ರಿ ಕಡ್ಡಿಯನ್ನು ಹುಡುಗಿಯ ಮೂಗಿನ ಹತ್ತಿರ ಹಿಡಿದರು. "ಕಾಕಾ, ಡೀಸೆಲ್ ವಾಸನಿ!" ಅಂದಳು. ಹಳೆಯ ಪೇಪರಿನ ಮೇಲೆ ಈ ಆಯಿಲಿನ ಒಂದು ಹನಿ, ಪಕ್ಕದಲ್ಲಿ ಹೊಸ ಡಬ್ಬಿಯ ಆಯಿಲಿನ ಒಂದು ಹನಿ ಬಿಟ್ಟರು. ಹೊಸದು ಬಹಳ ಹರಡದೆ ಗುಂಡಗೆ ಕೂತಿತು. ಹಳೆಯದರ ಸುತ್ತ ತೆಳ್ಳನೆಯ ಉಂಗುರ ಅಗಲವಾಗಿ ಹರಡುತ್ತ ಹೋಯಿತು.

ಡೀಸೆಲ್ ಆಯಿಲಿಗೆ ಬಂದದ್ದು ಎಲ್ಲಿಂದ? ಇಂಜಿನ್ನಿನ ಪಕ್ಕದಲ್ಲಿ ಡೀಸೆಲ್ ಫೀಡ್ ಪಂಪ್ ಇರುತ್ತದೆ. ಟಾಕಿಯ ಡೀಸೆಲನ್ನು ಎಳೆದು ಮುಂದಕ್ಕೆ ಕಳಿಸುವುದು ಅದರ ಕೆಲಸ. ಅದರೊಳಗೆ ಡಯಾಫ್ರಮ್ ಎಂಬ ಒಂದು ತೆಳು ಪೊರೆ. ಇಂಜಿನ್‌ನ ಒಳಗಿನಿಂದ ಒಂದು ಸನ್ನೆ ಬಂದು ಆ ಪೊರೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಪೊರೆಯ ಆ ಕಡೆ ಡೀಸೆಲ್, ಈ ಕಡೆ ಇಂಜಿನ್‌ನ ಹೊಟ್ಟೆ. ಪೊರೆ ಹರಿದರೆ ಡೀಸೆಲ್ ನೇರವಾಗಿ ಚೇಂಬರಿಗೆ ಇಳಿಯುತ್ತದೆ. ಮಿಸ್ತ್ರಿ ಪಂಪ್ ಬಿಚ್ಚಿ ಕೈಯಲ್ಲಿ ಹಿಡಿದು ಸನ್ನೆ ಆಡಿಸಿದರು. ಸನ್ನೆಯ ಕಡೆಯಿಂದ ಡೀಸೆಲ್ ತೊಟ್ಟಿಕ್ಕಿತು. ಪೊರೆಯ ಅಂಚಿನಲ್ಲಿ ಉಗುರಿನಷ್ಟು ಉದ್ದದ ಸೀಳು. (ಇಂಜೆಕ್ಟರ್ ಸೋರಿದರೂ ಆಯಿಲಿಗೆ ಡೀಸೆಲ್ ಸೇರುವುದುಂಟು. ಆಗ ಸಾಮಾನ್ಯವಾಗಿ ಹೊಗೆ ಹೆಚ್ಚು, ಇಂಜಿನ್ ಕುಂಟುತ್ತದೆ. ಇಲ್ಲಿ ಎರಡೂ ಇರಲಿಲ್ಲ.)

ಚೇಂಬರ್ ಖಾಲಿ ಮಾಡಿದಾಗ ಎಂಟೂವರೆ ಲೀಟರ್ ಬಂತು. ತುಂಬುವುದು ಏಳಕ್ಕಿಂತ ಕಡಿಮೆ. ಅಂದರೆ ಒಂದೂವರೆ ಲೀಟರಿಗಿಂತ ಹೆಚ್ಚು ಡೀಸೆಲ್. ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು! ಡೀಸೆಲ್ಲಿನ ಸ್ನಿಗ್ಧತೆ 40 ಡಿಗ್ರಿಯಲ್ಲೇ 2ರಿಂದ 4.5 ಸೆಂಟಿಸ್ಟೋಕ್; ಆಯಿಲಿನ ಮುಂದೆ ಅದು ನೀರು. ಗಟ್ಟಿ ಬೆಲ್ಲದ ಪಾಕಕ್ಕೆ ಐದರಲ್ಲಿ ಒಂದು ಪಾಲು ನೀರು ಬೆರೆಸಿದರೆ ಏನಾಗುತ್ತದೆ ಅಂತ ಅವ್ವನನ್ನು ಕೇಳಿ.

ಹೊಸ ಡಯಾಫ್ರಮ್, ಹೊಸ ಆಯಿಲ್, ಹೊಸ ಫಿಲ್ಟರ್. ಸಂಜೆ ಒಂದೂವರೆ ತಾಸು ಹರಗಿ ಬಂದ ಮೇಲೆ ಹುಡುಗಿ ಓದಿದಳು: ಪೂರ್ತಿ ವೇಗದಲ್ಲಿ 35, ನಿಧಾನ ಓಟದಲ್ಲಿ 14. ಎಮ್ಮೆ ಕೊಟ್ಟಿಗೆಯಲ್ಲೇ ಉಳಿಯಿತು.

35 ಅಂದರೆ 30ಕ್ಕಿಂತ ಬಹಳ ಮೇಲೇನಲ್ಲ. ಮಿಸ್ತ್ರಿ ಅದನ್ನೂ ಮುಚ್ಚಿಡಲಿಲ್ಲ. "ಬೇರಿಂಗೂ ಸ್ವಲ್ಪ ಸವದಾವ ಮುತ್ಯಾ. ಇನ್ನಾ ಎರಡ ಮೂರ ಸುಗ್ಗಿ ನಡೀತೈತಿ. ತಂಗಿ ಬರಕೋತ ಇರಲಿ, ಮೂವತ್ತರ ಕೆಳಗ ಬಂತಂದ್ರ ನನ್ನ ಕರೀರಿ" ಅಂದರು.

ಇನ್ನೊಂದು ಗಾಡಿಯ ಮಾತು

ಇದನ್ನು ಓದಿ "ಓಹೋ, ಕಾಟಾ ಇಳಿದರೆ ಡೀಸೆಲ್ ಪಂಪ್" ಅಂತ ತಿಳಿದುಕೊಂಡರೆ ನಾನು ಬರೆದದ್ದು ದಂಡ. ಕೆಲವು ವರ್ಷಗಳ ಹಿಂದೆ ನನ್ನ ಸಂಬಂಧಿಕರೊಬ್ಬರ ಟ್ರ್ಯಾಕ್ಟರಿನಲ್ಲೂ ಬಿಸಿಯಾದ ಮೇಲೆ ಕಾಟಾ ಇಳಿಯುತ್ತಿತ್ತು. ಅವರು "ಮೀಟರ್ ಕೆಟ್ಟೈತಿ ತಗೀರಿ" ಅಂತ ಮೀಟರಿನ ಕೊಳವೆ ಬಿಚ್ಚಿ, ತೂತಿಗೆ ಬೋಲ್ಟ್ ಹಾಕಿ ಬಿಟ್ಟರು. ಭಾರ ಎಳೆಯುವಾಗ ಇಂಜಿನ್‌ನ ಕೆಳಭಾಗದಲ್ಲಿ ಧಬ್ ಧಬ್ ಎಂಬ ಸದ್ದು ಬರುತ್ತಿತ್ತು. ಆಯಿಲ್ ಬಿಸಿಲಿಗೆ ಹಿಡಿದರೆ ಹೊಳೆಯುವ ಪುಡಿ ಇತ್ತು. ಬೇರಿಂಗಿನ ತಗಡು ಸವೆದು ಆಯಿಲಿಗೆ ಸೇರುತ್ತಿದ್ದದ್ದು ಅದು. ಎರಡು ವಾರದಲ್ಲಿ ಕಬ್ಬಿನ ಟ್ರಾಲಿ ಎಳೆಯುವಾಗ ರಸ್ತೆ ಮಧ್ಯೆ ಕ್ರ್ಯಾಂಕ್ ಹಿಡಿದುಕೊಂಡಿತು. ಬೇರಿಂಗ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಕ್ರ್ಯಾಂಕೂ ಬಂತು, ಒಂದು ರಾಡೂ ಬಂತು.

ಇನ್ನು ಕೆಲವರು ದಪ್ಪ ಆಯಿಲ್ ಹಾಕಿ ಕಾಟಾ ಏರಿಸುತ್ತಾರೆ. ಕಾಟಾ ಏರುವುದು ನಿಜ, ಸವೆದ ಸಂದು ಹಾಗೇ ಇರುತ್ತದೆ. ಜೊತೆಗೆ ಚಳಿಯ ಮುಂಜಾನೆ ಆ ದಪ್ಪ ಆಯಿಲ್ ಮೇಲಿನ ರಾಕರ್ ತಲುಪಲು ತಡ. ಒತ್ತಡ ಹೆಚ್ಚು ಅಂದರೆ ಆಯಿಲ್ ಹೆಚ್ಚು ಹರಿಯುತ್ತಿದೆ ಅಂತಲ್ಲ. ಡ್ರಿಪ್ಪಿನ ತೂತು ಕಟ್ಟಿಕೊಂಡರೂ ಮೀಟರ್ ಏರುತ್ತದೆ, ಗಿಡ ಮಾತ್ರ ಒಣಗುತ್ತದೆ.

ಕಾಟಾ ಒಮ್ಮೆಲೇ ಸೊನ್ನೆಗೆ ಬಿದ್ದರೆ ಮಾತ್ರ ಯೋಚನೆ ಮಾಡುತ್ತ ಕೂಡಬಾರದು. ಆ ಕ್ಷಣವೇ ಇಂಜಿನ್ ಬಂದ್ ಮಾಡಬೇಕು. ಮನೆ ತನಕ ಹೋಗೋಣ, ಈ ಸಾಲು ಮುಗಿಸೋಣ ಅನ್ನುವ ಮಾತಿಲ್ಲ. ಮೀಟರ್ ಕೆಟ್ಟಿತ್ತು ಅಂತ ಆಮೇಲೆ ಗೊತ್ತಾದರೆ ಕಳೆದುಕೊಂಡದ್ದು ಅರ್ಧ ದಿನ ಅಷ್ಟೇ. ಇನ್ನೊಂದು: ತಿರುಗುವ ಫ್ಯಾನು, ಬೆಲ್ಟು, ಬಿಸಿ ಆಯಿಲ್, ಇವುಗಳ ಹತ್ತಿರ ಮಕ್ಕಳು ಹೋಗಕೂಡದು. ಬಿಚ್ಚುವ ಕೆಲಸ ದೊಡ್ಡವರದು, ಓದಿ ಬರೆಯುವ ಕೆಲಸ ನಿಮ್ಮದು. ತೆಗೆದ ಕರಿ ಆಯಿಲನ್ನು ಬಾವಿಯ ಹತ್ತಿರ, ಹಳ್ಳದಲ್ಲಿ ಚೆಲ್ಲಬೇಡಿ. ಕೈಗೆ ಹತ್ತಿದ್ದನ್ನು ಸಾಬೂನು ಹಚ್ಚಿ ತೊಳೆಯಿರಿ.

ಮಾಡಿ ನೋಡಿ

ಟ್ರ್ಯಾಕ್ಟರ್ ಇಲ್ಲದವರು ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಔಡಲ ಎಣ್ಣೆ ಇದ್ದರೆ ಸಾಕು. ವಿಮಾನಗಳ ಮೊದಲ ಕಾಲದಲ್ಲಿ ಎಷ್ಟೋ ಇಂಜಿನ್‌ಗಳಿಗೆ ಹಾಕುತ್ತಿದ್ದದ್ದು ಇದೇ ಔಡಲ ಎಣ್ಣೆ. ಕ್ಯಾಸ್ಟ್ರಾಲ್ ಎಂಬ ಹೆಸರೂ ಔಡಲಕ್ಕೆ ಇಂಗ್ಲಿಷಿನಲ್ಲಿರುವ ಕ್ಯಾಸ್ಟರ್ ಎಂಬ ಹೆಸರಿನಿಂದಲೇ ಬಂದದ್ದು. ಒಂದು ಪ್ಲಾಸ್ಟಿಕ್ ಲೋಟದ ತಳಕ್ಕೆ ದಬ್ಬಣದಿಂದ ಒಂದು ತೂತು ಮಾಡಿ. ಬೆರಳಿನಿಂದ ತೂತು ಮುಚ್ಚಿ, ಗುರುತಿನ ತನಕ ಎಣ್ಣೆ ಹಾಕಿ, ಬೆರಳು ತೆಗೆದು ಲೋಟ ಖಾಲಿಯಾಗಲು ಎಷ್ಟು ಸೆಕೆಂಡ್ ಬೇಕು ಗಡಿಯಾರದಲ್ಲಿ ನೋಡಿ. ಆಮೇಲೆ ಅದೇ ಎಣ್ಣೆಯನ್ನು ಬಾಟಲಿಗೆ ಹಾಕಿ, ಬಾಟಲಿಯನ್ನು ಸ್ನಾನದ ಬಿಸಿನೀರಿನ ಬಕೆಟ್ಟಿನಲ್ಲಿ ಹದಿನೈದು ನಿಮಿಷ ಇಟ್ಟು ಮತ್ತೆ ಅಳೆಯಿರಿ. ಎಣ್ಣೆಯನ್ನು ಒಲೆಯ ಮೇಲೆ ಇಡಬೇಡಿ. ಉಷ್ಣತೆ 25ರಿಂದ 40 ಡಿಗ್ರಿಗೆ ಏರಿದರೆ ಸಮಯ ಅರ್ಧಕ್ಕಿಂತ ಕಡಿಮೆ ಆಗಬೇಕು. ಮೂರನೇ ಸಲ ತಣ್ಣನೆಯ ಎಣ್ಣೆಯನ್ನೇ ತಗೊಂಡು ತೂತು ಮಾತ್ರ ಸ್ವಲ್ಪ ದೊಡ್ಡದು ಮಾಡಿ ನೋಡಿ. ಬಿಸಿ ಎಣ್ಣೆ, ದೊಡ್ಡ ತೂತು, ಎರಡೂ ಸಲ ಲೋಟ ಬೇಗ ಖಾಲಿಯಾಗುತ್ತದೆ. ಗಡಿಯಾರ ಮಾತ್ರ ನೋಡಿದವನಿಗೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಬೇರೆ ಏನು ನೋಡಿದರೆ ಗೊತ್ತಾಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು ನಿಮ್ಮ ವಿಜ್ಞಾನ ಗುರುಗಳಿಗೆ ತೋರಿಸಿ.

ಆ ಹುಡುಗಿ ಈಗ ಒಂಬತ್ತನೇ ತರಗತಿ. ಹದಿನೈದು ದಿನಕ್ಕೊಮ್ಮೆ ಬರೆಯುತ್ತಾಳೆ. ಕಳೆದ ವಾರದ ಅಂಕಿ: ಬಿಸಿಯಾದ ಮೇಲೆ ಪೂರ್ತಿ ವೇಗದಲ್ಲಿ 34, ನಿಧಾನ ಓಟದಲ್ಲಿ 13, ಕಡ್ಡಿಯಲ್ಲಿ ಆಯಿಲ್ ಮೇಲಿನ ಗೆರೆಗಿಂತ ಸ್ವಲ್ಪ ಕೆಳಗೆ.